ಘಟ್ಟ ಇಳಿಯುವ ಕಾರಿಗೆ ಎಂಥ ಬ್ರೇಕು ಬೇಕು?

ಈ ಸಲ ಮಳೆಗಾಲ ಮುಗಿಯುತ್ತಿದ್ದ ಹಾಗೆ ನನ್ನ ಹಳೇ ಹ್ಯಾಚ್‌ಬ್ಯಾಕಿನ ಬ್ರೇಕ್ ಕೆಲಸ ಮಾಡಿಸಿದೆ. ಬಿಚ್ಚಿಟ್ಟ ಪ್ಯಾಡುಗಳ (ಚಕ್ರದ ಜೊತೆ ತಿರುಗುವ ಡಿಸ್ಕನ್ನು ಎರಡೂ ಕಡೆಯಿಂದ ಒತ್ತಿ ಹಿಡಿಯುವ ತುಂಡುಗಳು) ಫೋಟೊ ಒಂದನ್ನು ವಾಟ್ಸಾಪ್‌ನಲ್ಲಿ ಹಾಕಿದ್ದೇ ತಡ, ಗೆಳೆಯರಿಂದ, ಭಾವನವರಿಂದ ಪ್ರಶ್ನೆ ಮೇಲೆ ಪ್ರಶ್ನೆ. ಡಿಸ್ಕೂ ಬದಲಾಯಿಸಬೇಕಾ? ತೂತಿನ ಡಿಸ್ಕ್ ಹಾಕಿಸಿದರೆ ಒಳ್ಳೇದಾ? ಹಿಂದಿನ ಡ್ರಮ್ ತೆಗೆಸಿ ಅಲ್ಲೂ ಡಿಸ್ಕ್ ಮಾಡಿಸಬಹುದಾ? ಒಬ್ಬೊಬ್ಬರಿಗೂ ಬರೆಯುವ ಬದಲು ಇಲ್ಲೇ ಬರೆದುಬಿಡುತ್ತೇನೆ. ಉದ್ದ ಆಗುತ್ತದೆ, ಬೇಜಾರು ಮಾಡಿಕೊಳ್ಳಬೇಡಿ.

ನನ್ನ ಅಭಿಪ್ರಾಯ ಮೊದಲೇ ಹೇಳಿಬಿಡುತ್ತೇನೆ. ನಮ್ಮ ಶಿವಮೊಗ್ಗ ಕಡೆ ಕಾರಿನ ಬ್ರೇಕು ಓಡಿಸಿ ಸವೆಯುವುದಕ್ಕಿಂತ ನೀರು, ಕೆಸರು, ತುಕ್ಕಿಗೆ ಕೆಡುವುದೇ ಜಾಸ್ತಿ. ಜೂನಿನಿಂದ ಸೆಪ್ಟೆಂಬರ್ ತನಕ ಚಕ್ರದ ಒಳಗೆ ಒಣಗಿದ ಜಾಗ ಅಂತ ಒಂದು ಇರುವುದಿಲ್ಲ. ಹಾಗಾಗಿ ಹೊರಗೆ ಹೊಳೆಯುವ ಡಿಸ್ಕಿಗೆ ದುಡ್ಡು ಸುರಿಯುವ ಮೊದಲು ಯಾರಿಗೂ ಕಾಣದ ನಾಲ್ಕು ಸಾಮಾನು ನೋಡಿ: ಬ್ರೇಕ್ ಆಯಿಲ್, ಕ್ಯಾಲಿಪರಿನ (ಪ್ಯಾಡನ್ನು ಡಿಸ್ಕಿಗೆ ಒತ್ತುವ ಭಾಗ) ಪಿನ್, ಆಯಿಲ್ ಹೋಗುವ ರಬ್ಬರ್ ಹೋಸು, ಹಿಂದಿನ ಡ್ರಮ್ಮು. ಆಗುಂಬೆಯೋ ಹುಲಿಕಲ್ಲೋ ಘಾಟಿ ಇಳಿಯುವಾಗ ಕೈಹಿಡಿಯುವುದು ಇವೇ.

ನನಗೆ ಮೊದಲು ಗೊತ್ತಾಗಿದ್ದು ಸದ್ದಿನಿಂದ. ಇಲ್ಲಿ ಸದ್ದಿನಲ್ಲೂ ವ್ಯತ್ಯಾಸ ಇದೆ. ರಾತ್ರಿ ಮಳೆ ಬಂದು ಬೆಳಿಗ್ಗೆ ಕಾರು ತೆಗೆದಾಗ ಮೊದಲ ಬ್ರೇಕಿಗೆ ಸರ್ರ್ ಅಂತ ಉಜ್ಜಿದ ಹಾಗೆ ಕೇಳಿದರೆ ಅದು ಡಿಸ್ಕಿನ ಮೇಲೆ ರಾತ್ರೋರಾತ್ರಿ ಕೂತ ಕಿತ್ತಳೆ ಬಣ್ಣದ ತೆಳು ತುಕ್ಕು. ಮೂರ್ನಾಲ್ಕು ಸಲ ಬ್ರೇಕ್ ಒತ್ತಿದರೆ ಹೋಗುತ್ತದೆ, ತಲೆಬಿಸಿ ಬೇಡ. ಆದರೆ ಓಡುವಾಗೆಲ್ಲ ಸಣ್ಣಗೆ ಕೀ ಅನ್ನುತ್ತಿದ್ದರೆ ಬೇರೆ ಕಥೆ. ತುಂಬಾ ಪ್ಯಾಡುಗಳ ಬೆನ್ನಿಗೆ ಒಂದು ಸಣ್ಣ ಸ್ಟೀಲ್ ನಾಲಿಗೆ ಕೂರಿಸಿರುತ್ತಾರೆ. ಪ್ಯಾಡು 2-3 ಮಿ.ಮೀ.ಗೆ ಇಳಿದಾಗ ಅದು ಡಿಸ್ಕಿಗೆ ತಾಗಿ ಕಿರುಚುತ್ತದೆ. ಬೇಕಂತಲೇ ಇಟ್ಟ ಸದ್ದು ಅದು. ಅದನ್ನೂ ದಾಟಿ ಗರಗರ ಅಂತ ಶುರುವಾದರೆ ಕಬ್ಬಿಣಕ್ಕೆ ಕಬ್ಬಿಣ ತಿಕ್ಕುತ್ತಿದೆ ಅಂತ ಅರ್ಥ, ಅಲ್ಲಿಗೆ ಡಿಸ್ಕೂ ಹೋಯಿತು. ಇನ್ನೊಂದು ವಿಷಯ. ಆ ನಾಲಿಗೆ ಎಲ್ಲಾ ಪ್ಯಾಡಿಗೂ ಇರುವುದಿಲ್ಲ. ಅದು ಇಲ್ಲದ ಪ್ಯಾಡು ಮೊದಲು ಸವೆದರೆ ಏನೂ ಕೇಳುವುದೇ ಇಲ್ಲ. ಸದ್ದಿಲ್ಲ ಅಂದರೆ ಸರಿ ಇದೆ ಅಂತ ತಿಳಿಯಬೇಡಿ.

ನನ್ನದು ಎಡಗಡೆ ಮುಂದಿನ ಚಕ್ರದಿಂದ ಕೀ ಅನ್ನುತ್ತಿತ್ತು. ಮೊದಲು ಒಂದು ದೊಡ್ಡ ಸರ್ವಿಸ್ ಸೆಂಟರಿಗೆ ಹೋದೆ. ಯಾವುದು ಅಂತ ಕೇಳಬೇಡಿ. ಎಸಿ ರೂಮಿನಲ್ಲಿ ಕೂರಿಸಿ, ಕಾಫಿ ಕೊಟ್ಟು, ಒಂದು ಪಟ್ಟಿ ತಂದು ಮುಂದಿಟ್ಟರು. ಮುಂದಿನ ಎರಡೂ ಡಿಸ್ಕು, ಪ್ಯಾಡು, ಹಿಂದಿನ ಡ್ರಮ್ಮು, ಲೈನರ್ (ಡ್ರಮ್ಮಿನ ಒಳಮೈಗೆ ಒತ್ತಿ ಹಿಡಿಯುವ ಪಟ್ಟಿ), ಎಲ್ಲಾ ಹೊಸದು. ಲೇಬರ್ ಬೇರೆ. ನನ್ನ ಕಾರಿಗೆ ಈಗ ಇರುವ ಬೆಲೆ ನೆನೆಸಿಕೊಂಡರೆ ಆ ಮೊತ್ತ ನೋಡಿ ನಗು ಬರಬೇಕು.

"ಡಿಸ್ಕ್ ಎಷ್ಟು ದಪ್ಪ ಉಳಿದಿದೆ?" ಅಂತ ಕೇಳಿದೆ.

"ಗೆರೆ ಬಿದ್ದಿದೆ ಸಾರ್, ನೋಡಿ."

"ಗೆರೆ ನನಗೂ ಕಾಣ್ತದೆ. ದಪ್ಪ ಎಷ್ಟಿದೆ?"

ಹುಡುಗ ಒಳಗೆ ಹೋಗಿ ಯಾರನ್ನೋ ಕೇಳಿಕೊಂಡು ಬಂದ. "ಫುಲ್ ಸೆಟ್ ಹಾಕಿಸಿಬಿಟ್ರೆ ಒಳ್ಳೇದು ಸಾರ್." ಅಳತೆಯೇ ಮಾಡಿರಲಿಲ್ಲ. ಅಳೆಯುವುದು ಹಾಗಿರಲಿ, ಚಕ್ರವನ್ನೇ ಬಿಚ್ಚಿರಲಿಲ್ಲ. ಸಂದಿಯಲ್ಲಿ ಮೊಬೈಲ್ ಟಾರ್ಚ್ ಬಿಟ್ಟು ನೋಡಿ ಬರೆದ ಪಟ್ಟಿ ಅದು. ಪಾಪ, ಹುಡುಗನ ತಪ್ಪಲ್ಲ, ಅವನಿಗೆ ಮೇಲಿನಿಂದ ಹೇಳಿದ್ದು ಅಷ್ಟು. ಆದರೂ ಗೆರೆ ಬಿದ್ದ ಡಿಸ್ಕೆಲ್ಲ ಕೆಟ್ಟಿತು ಅಂತಾದರೆ ತೀರ್ಥಹಳ್ಳಿ, ಹೊಸನಗರದ ಕಡೆ ಒಂದು ಕಾರೂ ರಸ್ತೆಗೆ ಇಳಿಯುವ ಹಾಗಿಲ್ಲ.

ಅಲ್ಲಿಂದ ಸೀದಾ ಸಾಗರ ರಸ್ತೆಯ ಆಟೋ ಕಾಂಪ್ಲೆಕ್ಸಿಗೆ ಬಂದೆ. ಅಲ್ಲಿ ನಮಗೆ ಗುರುತಿನ ಮೆಕ್ಯಾನಿಕ್ ಒಬ್ಬರಿದ್ದಾರೆ, ನಾವೆಲ್ಲ ಮೇಸ್ತ್ರಿ ಅಂತಲೇ ಕರೆಯುವುದು. ಮಾತು ಕಮ್ಮಿ. ಕಾರು ನಿಲ್ಲಿಸಿದ ತಕ್ಷಣ ಹಿಂದಿನ ಚಕ್ರಕ್ಕೆ ಕಟ್ಟೆ ಕೊಟ್ಟು, ಜಾಕಿ ಏರಿಸಿ, ಕೆಳಗೆ ಸ್ಟ್ಯಾಂಡ್ ಇಟ್ಟರು. ಬರೀ ಜಾಕಿ ನಂಬಿ ಕೆಲಸ ಮಾಡುವವರ ಹತ್ತಿರ ಕಾರು ಕೊಡಲೇಬೇಡಿ.

ಚಕ್ರ ಕಳಚಿ, ಕ್ಯಾಲಿಪರ್ ಬಿಚ್ಚಿ, ಎರಡು ಪ್ಯಾಡನ್ನೂ ಕೆಳಗೆ ಸಿಮೆಂಟಿನ ಮೇಲೆ ಪಕ್ಕಪಕ್ಕ ಇಟ್ಟು "ಇದು ನೋಡಿ ಸಾರ್" ಅಂದರು. ಹೊರಗಿನ ಪ್ಯಾಡಿನಲ್ಲಿ ಅರ್ಧಕ್ಕಿಂತ ಜಾಸ್ತಿ ಉಳಿದಿದೆ. ಒಳಗಿನದು ಕಬ್ಬಿಣದ ಪ್ಲೇಟಿಗೆ ಬಂದು ನಿಂತಿದೆ. ಒಂದೇ ಚಕ್ರ, ಒಂದೇ ದಿನ ಹಾಕಿದ ಜೋಡಿ. ಹೊರಗಿನಿಂದ ಟಾರ್ಚ್ ಬಿಟ್ಟು ನೋಡುವವರಿಗೆ ಕಾಣುವುದು ಹೊರಗಿನ ಪ್ಯಾಡು ಮಾತ್ರ, ಅಲ್ವಾ?

ಹೀಗೇಕಾಗುತ್ತದೆ ಅಂದರೆ, ನಮ್ಮ ಸಾಮಾನ್ಯ ಕಾರುಗಳ ಕ್ಯಾಲಿಪರಿನಲ್ಲಿ ಪಿಸ್ಟನ್ ಇರುವುದು ಒಳಗಡೆ ಮಾತ್ರ. ಬ್ರೇಕ್ ಒತ್ತಿದಾಗ ಅದು ಒಳಗಿನ ಪ್ಯಾಡನ್ನು ಡಿಸ್ಕಿಗೆ ತಳ್ಳುತ್ತದೆ. ಆಮೇಲೆ ಇಡೀ ಕ್ಯಾಲಿಪರ್ ಎರಡು ಪಿನ್ನುಗಳ ಮೇಲೆ ಜಾರಿ ಬಂದು ಹೊರಗಿನ ಪ್ಯಾಡನ್ನೂ ಎಳೆದು ಒತ್ತುತ್ತದೆ. ಪಿನ್ ಜಾರಿದರೆ ಎರಡೂ ಸಮ ಸವೆಯುತ್ತವೆ. ಜಾರದಿದ್ದರೆ ಒಳಗಿನದೇ ದುಡಿದು ದುಡಿದು ಸಾಯುತ್ತದೆ, ಹೊರಗಿನದು ಆರಾಮಾಗಿರುತ್ತದೆ. ಕಾಲು ತೆಗೆದ ಮೇಲೂ ಒಳಗಿನ ಪ್ಯಾಡು ಬಿಡುವುದಿಲ್ಲ, ತಾಗಿಕೊಂಡೇ ಇರುತ್ತದೆ. ಚಕ್ರ ಬಿಸಿ, ಮೈಲೇಜ್ ಕಮ್ಮಿ, ಬ್ರೇಕ್ ಹಾಕಿದರೆ ಕಾರು ಒಂದು ಕಡೆ ಎಳೆಯುವುದು, ಎಲ್ಲಾ ಇದರದೇ ಬಾಬತ್ತು.

ಮೇಲಿನ ಪಿನ್ನು ಕೈಯಲ್ಲೇ ಬಂತು. ಕೆಳಗಿನದು ಅಲ್ಲಾಡಲಿಲ್ಲ. ಅದರ ರಬ್ಬರ್ ಬೂಟು ಒಂದು ಕಡೆ ಹರಿದಿತ್ತು. ಮೇಸ್ತ್ರಿ ಡಬ್ಲ್ಯೂಡಿ-40 ಹೊಡೆದು ಪಕ್ಕದ ಅಂಗಡಿಯಲ್ಲಿ ಚಾ ಕುಡಿದು ಬಂದರು. ಪೈಪ್ ರೆಂಚಿನಲ್ಲಿ ಹಿಡಿದು ಸ್ವಲ್ಪ ಆ ಕಡೆ, ಸ್ವಲ್ಪ ಈ ಕಡೆ, ಮತ್ತೆ ಎಣ್ಣೆ, ಮತ್ತೆ ತಿರುಗಿಸು. ಎಳೆಯುವುದಿಲ್ಲ, ಬರೀ ತಿರುಗಿಸುವುದು. ಕೊನೆಗೆ ಟಪ್ ಅಂತ ಬಿಟ್ಟುಕೊಂಡು ಬಂತು. ಒಳಗೆ ಗ್ರೀಸ್ ಇರಬೇಕಾದ ಜಾಗದಲ್ಲಿ ಕಂದು ನೀರು, ತುಕ್ಕಿನ ಪುಡಿ. ಪಿನ್ನಿನ ಮೈ ತುಂಬ ಗುಳಿ. "ಇದನ್ನ ಹಾಗೇ ಬಿಟ್ಟು ಹೊಸ ಪ್ಯಾಡ್ ಹಾಕಿದ್ರೆ ಇನ್ನೊಂದು ಮಳೆಗಾಲಕ್ಕೆ ಮತ್ತೆ ಇದೇ ಕೆಲಸ ಸಾರ್" ಅಂದರು. ದೊಡ್ಡ ಪಟ್ಟಿಯಲ್ಲಿ ಡಿಸ್ಕ್ ಇತ್ತು, ಡ್ರಮ್ ಇತ್ತು, ಈ ಪಿನ್ನಿನ ಸುದ್ದಿಯೇ ಇರಲಿಲ್ಲ.

ಪಿನ್ನು ಬೂಟಿನ ಕಿಟ್ ಬೇರೆಯಾಗಿ ಸಿಗುತ್ತದೆ, ಪ್ಯಾಡಿನ ಬೆಲೆಯ ಮುಂದೆ ಅದು ಲೆಕ್ಕಕ್ಕೇ ಇಲ್ಲ. ಆದರೆ ಗ್ರೀಸಿನ ಬಗ್ಗೆ ಒಂದು ಮಾತು. ಗ್ಯಾರೇಜಿನಲ್ಲಿ ಕೈಗೆ ಸಿಕ್ಕ ಡಬ್ಬಿಯ ಹಳದಿ ಗ್ರೀಸು ಬಳಿಯಲು ಬಿಡಬೇಡಿ. ಪೆಟ್ರೋಲಿಯಂ ಗ್ರೀಸು ತಾಗಿದರೆ ಬ್ರೇಕಿನ ರಬ್ಬರ್ ಉಬ್ಬುತ್ತದೆ, ಆಮೇಲೆ ಪಿನ್ನು ಮೊದಲಿಗಿಂತ ಗಟ್ಟಿಯಾಗಿ ಹಿಡಿಯುತ್ತದೆ. ಬ್ರೇಕಿಗೆ ಅಂತಲೇ ಬರುವ ಸಿಲಿಕೋನ್ ಗ್ರೀಸು ಬೇಕು. ಡೀಸೆಲ್, ಪೆಟ್ರೋಲಿನಲ್ಲಿ ಕ್ಯಾಲಿಪರ್ ತೊಳೆಯುವುದೂ ಇದೇ ಕಾರಣಕ್ಕೆ ಬೇಡ. ಪ್ಯಾಡು ಕೂರುವ ಬ್ರಾಕೆಟ್ಟಿನ ಖಾಚೆಯಲ್ಲೂ ತುಕ್ಕು ಗಡ್ಡೆ ಕಟ್ಟಿರುತ್ತದೆ. ಅದನ್ನು ಅರದಿಂದ, ವೈರ್ ಬ್ರಷ್‌ನಿಂದ ತೆಗೆಯದೆ ಹೊಸ ಪ್ಯಾಡನ್ನು ಸುತ್ತಿಗೆಯಲ್ಲಿ ಬಡಿದು ಕೂರಿಸುವವರನ್ನು ನೋಡಿದ್ದೇನೆ. ಬಡಿದು ಕೂರಿಸಿದ ಪ್ಯಾಡು ವಾಪಸ್ ಬರುವುದು ಹೇಗೆ ಮಾರಾಯ್ರೆ?

ಕೆಲಸ ನಡೆಯುವಾಗ ಕ್ಯಾಲಿಪರನ್ನು ಹೋಸಿನ ಮೇಲೆ ನೇತುಬಿಡಬಾರದು. ಒಳಗಿಂದ ಹೋಸು ಹರಿಯುತ್ತದೆ, ಹೊರಗೆ ಗೊತ್ತಾಗುವುದಿಲ್ಲ. ನಮ್ಮ ಮೇಸ್ತ್ರಿ ಹಳೇ ಕ್ಲಚ್ ಕೇಬಲ್ಲಿನ ತುಂಡಿನಲ್ಲಿ ಸ್ಪ್ರಿಂಗಿಗೆ ಕಟ್ಟಿದರು. ಮೆಕ್ಯಾನಿಕ್ ಹೇಗಿದ್ದಾರೆ ಅಂತ ತಿಳಿಯಲು ಅದೊಂದನ್ನು ನೋಡಿದರೂ ಸಾಕು.

ಇನ್ನು ಡಿಸ್ಕು. ಇದರ ಆಯುಷ್ಯ ನಿರ್ಧಾರ ಮಾಡುವುದು ಗೆರೆ ಅಲ್ಲ, ದಪ್ಪ. ಎಷ್ಟು ಸವೆದರೆ ಬಿಸಾಡಬೇಕು ಅಂತ ಡಿಸ್ಕಿನ ಮೇಲೇ, ಸಾಮಾನ್ಯವಾಗಿ ಅಂಚಿನಲ್ಲಿ ಅಥವಾ ನಡುವಿನ ಟೊಪ್ಪಿಯ ಮೇಲೆ, ಅಚ್ಚು ಒತ್ತಿರುತ್ತಾರೆ. ನಮ್ಮದರಲ್ಲಿ ಅದು ತುಕ್ಕಿನಲ್ಲಿ ಮುಚ್ಚಿಹೋಗಿತ್ತು. ವೈರ್ ಬ್ರಷ್ ಹಾಕಿ ಉಜ್ಜಿ, ಬಟ್ಟೆಯಲ್ಲಿ ಒರೆಸಿ, ಟಾರ್ಚನ್ನು ಅಡ್ಡ ಹಿಡಿದಾಗ ಅಕ್ಷರ ಎದ್ದು ಬಂತು: ಕನಿಷ್ಠ 18 ಮಿ.ಮೀ. ನಿಮ್ಮ ಕಾರಿನದು ಬೇರೆ ಇರುತ್ತದೆ, ಅದನ್ನೇ ನೋಡಿ. ಅಳೆಯುವಾಗಲೂ ಒಂದು ಮೋಸ ಇದೆ. ಪ್ಯಾಡು ತಾಗದ ಹೊರ ಅಂಚಿನಲ್ಲಿ ಸವೆಯದ ಏಣು ಉಳಿದಿರುತ್ತದೆ. ದಪ್ಪ ಅಳೆಯುವ ವರ್ನಿಯರ್ ಸುಮ್ನೆ ಹೊರಗಿನಿಂದ ಹಿಡಿದರೆ ಅದು ಆ ಏಣಿನ ಮೇಲೆ ಕೂತು ಜಾಸ್ತಿ ದಪ್ಪ ತೋರಿಸುತ್ತದೆ. ಎರಡು ಕಡೆಯೂ ಒಂದೊಂದು ನಾಣ್ಯ ಇಟ್ಟು ಅಳೆದು, ಆಮೇಲೆ ಎರಡೂ ನಾಣ್ಯದ ದಪ್ಪ ಕಳೆದರೆ ಸರಿಯಾದ ಲೆಕ್ಕ ಸಿಗುತ್ತದೆ. ನಮ್ಮದು 19ಕ್ಕಿಂತ ಸ್ವಲ್ಪ ಮೇಲೆ ಬಂತು. ಅಂದರೆ ಡಿಸ್ಕ್ ಉಳಿಯಿತು. ಲೇತಿಗೆ ಹಾಕಿ ನೈಸ್ ಮಾಡಿಸೋಣವೇ ಅಂತ ಕೇಳಿದರು, ಬೇಡ ಅಂದೆ. ಇರುವ ಒಂದು ಚಿಲ್ಲರೆ ಮಿ.ಮೀ.ಯನ್ನು ಲೇತಿಗೆ ಯಾಕೆ ಕೊಡಬೇಕು? ಅಂಚಿನ ಏಣು ಮಾತ್ರ ತೆಗೆಸಿದೆ. ಬ್ರೇಕ್ ಹಾಕಿದಾಗ ಸ್ಟೇರಿಂಗ್ ಗಡಗಡ ಅಲ್ಲಾಡುತ್ತಿದ್ದರೆ ಮಾತ್ರ ವಿಷಯ ಬೇರೆ, ಆಗ ಡಿಸ್ಕ್ ಒಂದೇ ಸಮ ಇಲ್ಲ ಅಂತ ಅರ್ಥ. ನನಗೆ ಆ ತೊಂದರೆ ಇರಲಿಲ್ಲ.

ಪ್ಯಾಡು ಮಾತ್ರ ಎರಡೂ ಕಡೆಯದು ಒಟ್ಟಿಗೇ ಬದಲಾಯಿಸಬೇಕು. ಬಲಗಡೆಯದು ಇನ್ನೂ ಚೆನ್ನಾಗಿತ್ತು, ಆದರೂ ತೆಗೆಸಿದೆ. ಒಂದು ಕಡೆ ಹಳತು ಒಂದು ಕಡೆ ಹೊಸತು ಇದ್ದರೆ ಹಿಡಿತ ಸಮ ಇರುವುದಿಲ್ಲ, ಒದ್ದೆ ರಸ್ತೆಯಲ್ಲಿ ಜೋರಾಗಿ ಬ್ರೇಕ್ ಹಾಕಿದಾಗ ಅದು ಗೊತ್ತಾಗುತ್ತದೆ. ಕಂಪನಿ ಪ್ಯಾಡೇ ಆಗಬೇಕು ಅಂತಿಲ್ಲ. ಬಾಷ್, ಬ್ರೆಂಬೊ, ಟಿವಿಎಸ್ ಗಿರ್ಲಿಂಗ್ ಎಲ್ಲವೂ ನಮ್ಮ ಸಾಮಾನ್ಯ ಕಾರುಗಳಿಗೆ ಪ್ಯಾಡ್ ಮಾಡುತ್ತವೆ. ಬಿಲ್ ಕೊಡುವ ಅಂಗಡಿಯಲ್ಲಿ ತೆಗೆದುಕೊಳ್ಳಿ, ಪೆಟ್ಟಿಗೆ ನಿಮ್ಮ ಮುಂದೆಯೇ ಒಡೆಸಿ, ಹಳೇ ಪ್ಯಾಡು ಕೈಗೆ ವಾಪಸ್ ಕೇಳಿ. ಕೇಳಿದರೆ ಯಾರೂ ಬೇಜಾರು ಮಾಡಿಕೊಳ್ಳುವುದಿಲ್ಲ. ಮಾಡಿಕೊಂಡರೆ ಅದರಲ್ಲೇ ಉತ್ತರ ಇದೆ.

ಈಗ ಬ್ರೇಕ್ ಆಯಿಲ್. ನನ್ನ ಪ್ರಕಾರ ಇಡೀ ಕೆಲಸದಲ್ಲಿ ಇದೇ ಮುಖ್ಯ.

ಒಂದು ಲೆಕ್ಕ ಮಾಡಿ ನೋಡಿ. ಆಗುಂಬೆಯಿಂದ ಸೋಮೇಶ್ವರಕ್ಕೆ 14 ತಿರುವು ಇಳಿಯುವಾಗ ನಾವು ಸುಮಾರು ಅರ್ಧ ಕಿಲೋಮೀಟರ್ ಎತ್ತರ ಕಳೆದುಕೊಳ್ಳುತ್ತೇವೆ. ಕಾರು, ನಾಲ್ಕು ಜನ, ಡಿಕ್ಕಿ ತುಂಬ ಸಾಮಾನು ಸೇರಿ 1200 ಕಿಲೋ ಅಂತಿಟ್ಟುಕೊಳ್ಳಿ. ಅಷ್ಟು ಭಾರ ಅಷ್ಟು ಕೆಳಗೆ ಇಳಿಯುವಾಗ ಹೊರಬೀಳುವ ಶಕ್ತಿ ಸುಮಾರು 59 ಲಕ್ಷ ಜೂಲ್. ಬಚ್ಚಲಮನೆಯ ಹಂಡೆಗೆ ಒಂದೂವರೆ ಕೊಡ ತಣ್ಣೀರು ಹೊಯ್ದು ಕೊತಕೊತ ಕುದಿಸುವಷ್ಟು ಶಾಖ ಅದು. ಗಾಳಿ, ಟೈರು, ಎಂಜಿನ್ ಸ್ವಲ್ಪ ಹಂಚಿಕೊಳ್ಳುತ್ತವೆ ನಿಜ. ಉಳಿದದ್ದೆಲ್ಲ ಹೋಗುವುದು ಬ್ರೇಕಿಗೆ, ಅದರಲ್ಲೂ ಸುಮಾರು ಮುಕ್ಕಾಲು ಪಾಲು ಮುಂದಿನ ಎರಡು ಡಿಸ್ಕಿಗೆ. ಇಳಿದಷ್ಟು ಹೊತ್ತೂ ಬ್ರೇಕಿನ ಮೇಲೇ ಕಾಲಿಟ್ಟರೆ ಡಿಸ್ಕು ಇನ್ನೂರು ಡಿಗ್ರಿ ದಾಟುವುದು ಏನೂ ದೊಡ್ಡ ವಿಷಯ ಅಲ್ಲ. ಆ ಬಿಸಿ ಪ್ಯಾಡಿನಿಂದ ಪಿಸ್ಟನ್ನಿಗೆ, ಪಿಸ್ಟನ್ನಿನಿಂದ ಅದರ ಹಿಂದಿರುವ ಆಯಿಲ್ಲಿಗೆ ಹತ್ತುತ್ತದೆ.

ಹೊಸ ಡಾಟ್ 3 ಆಯಿಲ್ 205 ಡಿಗ್ರಿ ತನಕ ಕುದಿಯಬಾರದು, ಡಾಟ್ 4 ಆದರೆ 230 ಡಿಗ್ರಿ ತನಕ. ಇದು ಆ ದರ್ಜೆಗೆ ಇಟ್ಟ ನಿಯಮ. ಆದರೆ ಈ ಆಯಿಲ್ಲಿಗೆ ಗಾಳಿಯಲ್ಲಿರುವ ನೀರಿನ ಪಸೆ ಹೀರುವ ಗುಣ ಇದೆ. ನೂರಕ್ಕೆ ಮೂರೂಮುಕ್ಕಾಲು ಪಾಲಿನಷ್ಟು ನೀರು ಸೇರಿದರೂ ಸಾಕು, ಡಾಟ್ 3 ಕುದಿಯುವ ಮಟ್ಟ 140ರ ಹತ್ತಿರಕ್ಕೆ, ಡಾಟ್ 4 155ರ ಹತ್ತಿರಕ್ಕೆ ಇಳಿಯಬಹುದು. ಜುಲೈನಲ್ಲಿ ಮುಚ್ಚಿದ ಡಬ್ಬಿಯೊಳಗಿನ ಉಪ್ಪೇ ನೀರಾಗುವ ಊರು ನಮ್ಮದು. ವರ್ಷಗಟ್ಟಲೆ ಬದಲಾಯಿಸದ ಆಯಿಲ್ಲಿನಲ್ಲಿ ಎಷ್ಟು ನೀರಿರಬಹುದು ಅಂತ ನೀವೇ ಯೋಚಿಸಿ.

ಆಯಿಲ್ ಕುದಿದರೆ ಪೈಪಿನಲ್ಲಿ ಆವಿಯ ಗುಳ್ಳೆ ಬರುತ್ತದೆ. ದ್ರವವನ್ನು ಒತ್ತಿದರೆ ಅದು ಮುಂದಕ್ಕೆ ತಳ್ಳುತ್ತದೆ, ಗುಳ್ಳೆಯನ್ನು ಒತ್ತಿದರೆ ಗುಳ್ಳೆ ಕುಗ್ಗುತ್ತದೆ ಅಷ್ಟೇ. ಪೆಡಲ್ ಮೆತ್ತಗಾಗಿ ನೆಲಕ್ಕೆ ಹೋಗುತ್ತದೆ, ಕಾರು ನಿಲ್ಲುವುದಿಲ್ಲ. ಪ್ಯಾಡು ಕಾದು ಹಿಡಿತ ಬಿಡುವುದು ಬೇರೆ. ಅಲ್ಲಿ ಪೆಡಲ್ ಗಟ್ಟಿಯಾಗೇ ಇರುತ್ತದೆ, ಎಷ್ಟು ತುಳಿದರೂ ವೇಗ ತಗ್ಗುವುದಿಲ್ಲ, ಸುಟ್ಟ ವಾಸನೆ ಬರುತ್ತದೆ. ಹುಲಿಕಲ್ ಘಾಟಿಯಲ್ಲಿ ಲೋಡು ಲಾರಿಯ ಹಿಂದೆ ಇಳಿದವರಿಗೆ ಆ ವಾಸನೆ ಹೇಳಿಕೊಡಬೇಕಾಗಿಲ್ಲ. ಎರಡರಲ್ಲೂ ಮಾಡಬೇಕಾದದ್ದು ಒಂದೇ, ಗೇರ್ ಇಳಿಸಿ ಹೇಗಾದರೂ ಬದಿಗೆ ನಿಲ್ಲಿಸಿ ತಣಿಯಲು ಬಿಡುವುದು. ಬಿಸಿ ಚಕ್ರಕ್ಕೆ ಬಾಟಲಿ ನೀರು ಸುರಿಯಬೇಡಿ. ಘಟ್ಟದ ಬುಡದಲ್ಲಿ ಈ ಅಭಿಷೇಕ ನಾನು ಬೇಕಾದಷ್ಟು ನೋಡಿದ್ದೇನೆ. ಬುಸ್ ಅಂತ ಹೊಗೆ ಏಳುವುದು ನೋಡಲು ಮಜಾ, ಆದರೆ ಕೆಂಡದ ಹಾಗಿರುವ ಡಿಸ್ಕು ಒಂದೇ ಕಡೆ ತಣ್ಣಗಾಗಿ ಸೊಟ್ಟಗಾಗಬಹುದು, ಬಿರುಕೂ ಬಿಡಬಹುದು.

ಮೇಸ್ತ್ರಿಗೆ ಆಯಿಲ್ ಬದಲಾಯಿಸಿ ಅಂದಾಗ ಅವರಿಗೇ ಆಶ್ಚರ್ಯ. "ಎಲ್ಲರೂ ಕಮ್ಮಿ ಆದ್ರೆ ಹಾಕಿ ಅಂತಾರೆ ಸಾರ್, ಬದಲಾಯಿಸಿ ಅನ್ನೋರು ಕಮ್ಮಿ." ಹಾಗೆ ಸುಮ್ನೆ ತುಂಬಿಸುವುದೂ ಸರಿಯಲ್ಲ. ಪ್ಯಾಡು ಸವೆದ ಹಾಗೆಲ್ಲ ಪಿಸ್ಟನ್ ಮುಂದೆ ಬರುತ್ತದೆ, ಅದರ ಹಿಂದಿನ ಜಾಗ ತುಂಬಲು ಆಯಿಲ್ ಇಳಿಯುತ್ತದೆ, ಆಯಿಲ್ ತುಂಬುವ ಡಬ್ಬಿಯಲ್ಲಿ ಮಟ್ಟ ನಿಧಾನಕ್ಕೆ ತಗ್ಗುತ್ತದೆ. ಅದು ಸಹಜ. ಆಗ ಮೇಲಿನ ಗೆರೆ ತನಕ ತುಂಬಿಸಿಬಿಟ್ಟರೆ, ಹೊಸ ದಪ್ಪ ಪ್ಯಾಡು ಹಾಕಲು ಪಿಸ್ಟನ್ ಹಿಂದೆ ಒತ್ತಿದಾಗ ಆಯಿಲ್ ಉಕ್ಕಿ ಹೊರಗೆ ಚೆಲ್ಲುತ್ತದೆ. ಪೇಂಟಿನ ಮೇಲೆ ಬಿದ್ದರೆ ಪೇಂಟೇ ಎದ್ದುಬರುತ್ತದೆ. ಬಿದ್ದ ತಕ್ಷಣ ನೀರು ಹಾಕಿ ತೊಳೆಯಬೇಕು. ಮತ್ತೆ, ಪ್ಯಾಡು ದಪ್ಪ ಇದ್ದೂ ಮಟ್ಟ ಪದೇಪದೇ ಇಳಿಯುತ್ತಿದ್ದರೆ ಎಲ್ಲೋ ಸೋರುತ್ತಿದೆ ಅಂತ ಅರ್ಥ.

ಆಯಿಲ್ ಬದಲಾಯಿಸಲು ಇಬ್ಬರು ಬೇಕು. ಒಳಗೆ ಕೂತು ಪೆಡಲ್ ಒತ್ತುವ ಕೆಲಸ ನನಗೆ ಸಿಕ್ಕಿತು. "ಒತ್ತಿ... ಹಿಡ್ಕೊಳ್ಳಿ... ಬಿಡಿ." ಚಕ್ರದ ಹತ್ತಿರ ಬ್ಲೀಡರ್ ನಿಪ್ಪಲ್ಲಿಗೆ (ಹಳೇ ಆಯಿಲ್ ಹೊರಬಿಡುವ ತಿರುಪು) ಸಣ್ಣ ಪಾರದರ್ಶಕ ಪೈಪು, ಅದರ ತುದಿ ಬಾಟಲಿಯಲ್ಲಿ. ನಿಪ್ಪಲ್ ಮುಚ್ಚುವ ಮೊದಲು ಪೆಡಲ್ ಬಿಟ್ಟರೆ ಗಾಳಿ ವಾಪಸ್ ಎಳೆದುಕೊಳ್ಳುತ್ತದೆ, ಹಾಗಾಗಿ ಹೇಳಿದಾಗಲೇ ಬಿಡಬೇಕು. ಮೊದಲು ಬಂದದ್ದು ಕರಿಕಂದು ನೀರು. ನಿಧಾನಕ್ಕೆ ತಿಳಿಯಾಗುತ್ತಾ ಹೋಗಿ ಕೊನೆಗೆ ಹೊಸ ಆಯಿಲ್ಲಿನ ತಿಳಿ ಬಣ್ಣ. ನಾಲ್ಕು ಚಕ್ರಕ್ಕೂ ಹೀಗೇ. ಯಾವ ಚಕ್ರ ಮೊದಲು ಅನ್ನುವುದು ಕಾರಿನಿಂದ ಕಾರಿಗೆ ಬದಲಾಗುತ್ತದೆ, ಪುಸ್ತಕ ನೋಡಬೇಕು. ಸಾಮಾನ್ಯವಾಗಿ ದೂರದ ಚಕ್ರದಿಂದ ಶುರು. ನಡುವೆ ಮೇಲಿನ ಡಬ್ಬಿ ಖಾಲಿಯಾಗಲು ಬಿಡಬಾರದು.

ನಿಮ್ಮ ಕಾರಿಗೆ ಡಾಟ್ 3 ಅಂತ ಬರೆದಿದ್ದರೆ ಡಾಟ್ 4 ಹಾಕಿದರೂ ಆಗುತ್ತದೆ. ಡಾಟ್ 5 ಮಾತ್ರ ಬೇಡ, ಅದು ಸಿಲಿಕೋನಿನದು, ಇವುಗಳ ಜೊತೆ ಸೇರುವುದಿಲ್ಲ. 5.1 ಬೇರೆ, ಅದು 3 ಮತ್ತು 4ರ ಜಾತಿಯದೇ. ಎರಡು ವರ್ಷಕ್ಕೊಮ್ಮೆ ಬದಲಾಯಿಸಿ ಅಂತ ತುಂಬಾ ಕಂಪನಿಯವರು ಹೇಳುತ್ತಾರೆ. ಇಲ್ಲಿಯ ಹವೆಗೆ ಅದನ್ನು ಮೀರಿಸಬಾರದು ಅಂತ ನನ್ನ ಅನಿಸಿಕೆ. ಗ್ಯಾರೇಜಿನ ಕಪಾಟಿನಲ್ಲಿ ಅರ್ಧ ಉಳಿದ ಬಾಟಲಿ ಇದೆ ಅಂದರೆ ಬೇಡ ಅನ್ನಿ. ಸೀಲ್ ಒಡೆದಾಗಲೇ ಅದು ನೀರು ಕುಡಿಯಲು ಶುರು ಮಾಡಿರುತ್ತದೆ.

ಹಿಂದಿನ ಡ್ರಮ್ಮು ಕಳಚಲು ಅರ್ಧ ದಿನವೇ ಹೋಯಿತು ಅನ್ನಬೇಕು. ಚಕ್ರ ಕೂರುವ ಹಬ್‌ಗೆ ತುಕ್ಕು ಹಿಡಿದು ಒಂದಾಗಿಬಿಟ್ಟಿತ್ತು. ಡ್ರಮ್ಮಿನ ಮುಖದಲ್ಲಿ ಎರಡು ಥ್ರೆಡ್ ಇರುವ ತೂತು ಇರುತ್ತವೆ. ಅದಕ್ಕೆ ಬೋಲ್ಟ್ ಹಾಕಿ ಸಮನಾಗಿ ಬಿಗಿ ಮಾಡುತ್ತಾ ಹೋದರೆ ಡ್ರಮ್ಮು ತಾನೇ ಹೊರಗೆ ಬರುತ್ತದೆ. ಸುತ್ತಿಗೆ ಬೇಡ. ಒಳಗೆ ಕೆಮ್ಮಣ್ಣು, ಲೈನರ್ ಪುಡಿ ಎಲ್ಲಾ ಸೇರಿ ಗಟ್ಟಿ ಕೂತಿತ್ತು. ಆ ಪುಡಿಗೆ ಗಾಳಿ ಹೊಡೆಯಲು ಬಿಡಬೇಡಿ, ಶ್ವಾಸಕೋಶಕ್ಕೆ ಒಳ್ಳೆಯದಲ್ಲ. ಬ್ರೇಕ್ ಕ್ಲೀನರ್ ಹಾಕಿ ಒದ್ದೆ ಮಾಡಿಯೇ ತೆಗೆಯಬೇಕು. ಲೈನರ್ ಇನ್ನೂ ಚೆನ್ನಾಗಿತ್ತು, ಅದನ್ನೇ ಉಳಿಸಿಕೊಂಡು ಅಡ್ಜಸ್ಟರ್ (ಲೈನರ್ ಡ್ರಮ್ಮಿಗೆ ಹತ್ತಿರ ಇರುವ ಹಾಗೆ ಮಾಡುವ ಭಾಗ) ಬಿಡಿಸಿ ಸರಿ ಮಾಡಿದರು. ಅಷ್ಟಕ್ಕೇ ಪೆಡಲ್ ಮೇಲೆ ಬಂತು, ಹ್ಯಾಂಡ್ ಬ್ರೇಕು ಕಮ್ಮಿ ಎಳೆತಕ್ಕೇ ಹಿಡಿಯತೊಡಗಿತು.

ಹ್ಯಾಂಡ್ ಬ್ರೇಕ್ ಅಂದ ಮೇಲೆ ನೆನಪಾಯಿತು. ಮಳೆಗಾಲದಲ್ಲಿ ಕಾರನ್ನು ನಾಲ್ಕೈದು ದಿನ ನಿಲ್ಲಿಸುವುದಾದರೆ ಹ್ಯಾಂಡ್ ಬ್ರೇಕ್ ಎಳೆದಿಡಬೇಡಿ. ಲೈನರ್ ಡ್ರಮ್ಮಿಗೆ ಅಂಟಿಕೊಂಡು ಕಾರು ಅಲ್ಲಾಡುವುದೇ ಇಲ್ಲ. ಗೇರಿನಲ್ಲಿ ಬಿಟ್ಟು ಚಕ್ರಕ್ಕೊಂದು ಕಲ್ಲು ಕೊಡಿ. ನಮ್ಮ ಹಿರಿಯರು ಜೀಪಿಗೆ ಮಾಡುತ್ತಿದ್ದುದು ಅದನ್ನೇ. ಘಟ್ಟ ಇಳಿದು ಬ್ರೇಕು ಸುಡುತ್ತಿರುವಾಗಲೂ ಹಾಗೇ ಮಾಡಿ.

ಅಪ್‌ಗ್ರೇಡ್ ಕೇಳಿದವರಿಗೆ ಈಗ ಉತ್ತರ. ತೂತು ಕೊರೆದ, ಗೆರೆ ಕೊರೆದ ಡಿಸ್ಕು ನೋಡಲು ಚಂದ. ನಮ್ಮ ಮಾಮೂಲಿ ಓಡಾಟಕ್ಕೆ ಅದರಿಂದ ಬರುವ ಲಾಭ ಕಮ್ಮಿ, ಅಗ್ಗದವು ತೂತಿನ ಹತ್ತಿರ ಬಿರುಕು ಬಿಡುತ್ತವೆ, ತೂತಿನಲ್ಲಿ ನಮ್ಮ ಕೆಸರು ಬೇರೆ ತುಂಬಿಕೊಳ್ಳುತ್ತದೆ. ದೊಡ್ಡ ಡಿಸ್ಕಿನಿಂದ ಶಾಖ ತಡೆಯುವ ಶಕ್ತಿ ಹೆಚ್ಚುತ್ತದೆ ಅನ್ನುವುದು ನಿಜ. ಆದರೆ ಒಂದೇ ಸಲ ಜೋರಾಗಿ ತುಳಿದು ನಿಲ್ಲಿಸುವಾಗ ಕಾರನ್ನು ಹಿಡಿಯುವುದು ಟೈರು. ಈಗಿರುವ ಬ್ರೇಕಿಗೇ ಎಬಿಎಸ್ (ಚಕ್ರ ಲಾಕ್ ಆಗದ ಹಾಗೆ ತಡೆಯುವ ವ್ಯವಸ್ಥೆ) ಕಟಕಟ ಅನ್ನುತ್ತದೆ ಅಂದರೆ ಬ್ರೇಕಿನ ಶಕ್ತಿ ಸಾಕಷ್ಟಿದೆ, ಟೈರಿನ ಹಿಡಿತ ಮುಗಿದಿದೆ. ಆ ದುಡ್ಡಿಗೆ ಒಳ್ಳೇ ಟೈರು ಹಾಕಿಸಿ. ಕಾನೂನಿನ ಪ್ರಕಾರ ಟೈರಿನ ಗೆರೆ 1.6 ಮಿ.ಮೀ. ಇದ್ದರೂ ಓಡಿಸಬಹುದು. ಆಗುಂಬೆ ಮಳೆಯಲ್ಲಿ ಅಂಥ ಟೈರು ನಂಬಿ ಹೋಗುವ ಧೈರ್ಯ ನನಗಿಲ್ಲ. ಹಿಂದಕ್ಕೆ ಡಿಸ್ಕ್ ಮಾಡಿಸುವುದಂತೂ ಬೇಡವೇ ಬೇಡ. ಮುಂದೆ ಹಿಂದೆ ಎಷ್ಟೆಷ್ಟು ಹಿಡಿಯಬೇಕು ಅಂತ ಕಂಪನಿಯವರು ಲೆಕ್ಕ ಹಾಕಿ ಕೂರಿಸಿರುತ್ತಾರೆ. ಅದು ತಪ್ಪಿ ಒದ್ದೆ ತಿರುವಿನಲ್ಲಿ ಹಿಂದಿನ ಚಕ್ರ ಮೊದಲು ಹಿಡಿದರೆ ಕಾರು ಗಿರಕಿ ಹೊಡೆಯುತ್ತದೆ.

ಬ್ರೇಕ್ ಎಷ್ಟೇ ಚೆನ್ನಾಗಿರಲಿ, ಘಟ್ಟದಲ್ಲಿ ಅದರ ಅರ್ಧ ಕೆಲಸ ಗೇರು ಮಾಡಬೇಕು. ಹತ್ತಲು ಬೇಕಾದ ಗೇರಿನಲ್ಲೇ ಇಳಿಯಿರಿ. ತಿರುವಿಗೆ ಮುಂಚೆ ಗಟ್ಟಿಯಾಗಿ ಒಂದು ಸಲ ತುಳಿದು ಬಿಟ್ಟುಬಿಡಿ, ಉದ್ದಕ್ಕೂ ಕಾಲಿಟ್ಟುಕೊಂಡು ಬರಬೇಡಿ. ನಮ್ಮ ಕಡೆ ಡೌನ್ ಸಿಕ್ಕಿದರೆ ನ್ಯೂಟ್ರಲ್ ಮಾಡಿ ಪೆಟ್ರೋಲ್ ಉಳಿಸುವ ಒಂದು ಚಟ ಇದೆ. ಕಾರ್ಬುರೇಟರ್ ಕಾಲದ ಲೆಕ್ಕ ಅದು. ಈಗಿನ ಎಂಜಿನ್‌ಗಳಲ್ಲಿ ಗೇರಿನಲ್ಲಿ ಇಳಿಯುವಾಗ ಆಕ್ಸಿಲರೇಟರ್ ಬಿಟ್ಟರೆ ಪೆಟ್ರೋಲ್ ಹೋಗುವುದೇ ನಿಲ್ಲುತ್ತದೆ. ನ್ಯೂಟ್ರಲ್ ಮಾಡಿದರೆ ಎಂಜಿನ್ ಆರದ ಹಾಗೆ ನೋಡಿಕೊಳ್ಳಲು ಮತ್ತೆ ಪೆಟ್ರೋಲ್ ಬೇಕು. ಎಂಜಿನ್ನೇ ಆಫ್ ಮಾಡುವ ಮಹಾನುಭಾವರೂ ಇದ್ದಾರೆ. ಕಾಲಿನ ಒತ್ತನ್ನು ಹೆಚ್ಚಿಸುವ ಬ್ರೇಕ್ ಬೂಸ್ಟರಿಗೆ ಬಲ ಬರುವುದು ಎಂಜಿನ್ನಿನಿಂದ. ಅದು ನಿಂತ ಮೇಲೆ ಎರಡು ಮೂರು ಸಲ ಒತ್ತುವಷ್ಟರಲ್ಲಿ ಪೆಡಲ್ ಕಲ್ಲಾಗುತ್ತದೆ.

ಹೊಸ ಪ್ಯಾಡು ಹಾಕಿಸಿಕೊಂಡು ಬಂದ ಮೇಲೆ ಎರಡು ಕೆಲಸ. ಒಂದು, ಕಾರು ಕದಲುವ ಮೊದಲೇ ಪೆಡಲ್ ಗಟ್ಟಿಯಾಗುವ ತನಕ ಪಂಪ್ ಮಾಡಿ. ಒಳಗೆ ಒತ್ತಿದ ಪಿಸ್ಟನ್ ಮುಂದೆ ಬಂದಿರುವುದಿಲ್ಲ, ಮೊದಲ ತುಳಿತಕ್ಕೆ ಬ್ರೇಕೇ ಇರುವುದಿಲ್ಲ. ಗ್ಯಾರೇಜಿನ ಗೋಡೆಗೆ ಗುದ್ದಿದವರಿದ್ದಾರೆ. ಎರಡು, ಪ್ಯಾಡು ಡಿಸ್ಕಿಗೆ ಹೊಂದಿಕೊಳ್ಳಬೇಕು. ನಾನು ಬೆಳಿಗ್ಗೆ ಬೇಗ ತೀರ್ಥಹಳ್ಳಿ ರಸ್ತೆಗೆ ಹೋದೆ. ಗಾಜನೂರು, ಸಕ್ರೆಬೈಲು ದಾಟುವ ತನಕ ಸುಮ್ಮನಿದ್ದೆ, ಆನೆ ಬಿಡಾರದ ಹತ್ತಿರ ಪ್ರವಾಸಿಗರ ಗಾಡಿ ಯಾವಾಗ ಎಲ್ಲಿ ನಿಲ್ಲುತ್ತದೋ ಹೇಳಲಾಗುವುದಿಲ್ಲ. ಮಂಡಗದ್ದೆ ಕಡೆ ಹಿಂದೆ ಮುಂದೆ ಯಾರೂ ಇಲ್ಲದ ನೇರ ರಸ್ತೆಯಲ್ಲಿ 60ರಿಂದ 20ಕ್ಕೆ ಗಟ್ಟಿಯಾಗಿ ಇಳಿಸುವುದು, ಪೂರ್ತಿ ನಿಲ್ಲಿಸದೆ ಮತ್ತೆ ವೇಗ ಹಿಡಿಯುವುದು, ಹೀಗೆ ಕೆಲವು ಸಲ. ಆಮೇಲೆ ಬ್ರೇಕ್ ಮುಟ್ಟದೆ ನಿಧಾನಕ್ಕೆ ಓಡಿಸಿ ತಣಿಸುವುದು. ಸ್ವಲ್ಪ ವಾಸನೆ ಬರುತ್ತದೆ, ಹೆದರಬೇಡಿ.

ಒಟ್ಟು ಖರ್ಚು ಆ ದೊಡ್ಡ ಪಟ್ಟಿಯ ಕಾಲು ಭಾಗಕ್ಕಿಂತ ಕಮ್ಮಿ ಆಯಿತು. ಒಂದು ಕೆಲಸ ಮಾತ್ರ ಬಾಕಿ ಇದೆ. ಬಲಗಡೆ ಹಿಂದಿನ ರಬ್ಬರ್ ಹೋಸನ್ನು ಬಗ್ಗಿಸಿ ನೋಡಿದಾಗ ಸಣ್ಣ ಸಣ್ಣ ಬಿರುಕು ಕಂಡಿತು. ಸೋರುತ್ತಿಲ್ಲ, ಆದರೂ ಹೊಸದಕ್ಕೆ ಹೇಳಿದ್ದೇವೆ, ಬೆಂಗಳೂರಿನಿಂದ ಬರಬೇಕಂತೆ. ಅದು ಬರುವ ತನಕ ಊರೊಳಗೆ ನಿಧಾನಕ್ಕೆ ಓಡಿಸುತ್ತೇನೆ, ಘಟ್ಟ ಇಳಿಯುವುದಿಲ್ಲ. ಕುಂದಾಪುರದ ಮದುವೆಗೆ ನನ್ನ ಕಾರನ್ನೇ ನಂಬಿಕೊಂಡಿದ್ದ ಭಾವನವರಿಗೆ ಬಸ್ಸಿನ ಟೈಮು ಕಳಿಸಿದ್ದೇನೆ, ಇನ್ನೂ ಉತ್ತರ ಬಂದಿಲ್ಲ.